ಲೆನ್ ಕೊಯ್ಸಿದ ಗಾಜು

ಸಿರಿಲ್ ಮಾಲ್ಟ್‌ಬಿಯ ಕಣ್ಣೆದುರು ಯಾರೂ ಪೈಪು ಹಿಡಿದು ನೀರು ಬಿಡುವಂತಿರಲಿಲ್ಲ. ಒಮ್ಮೆ ಪಕ್ಕದ ಮನೆಯವನು ಕಾರು ತೊಳೆಯುತ್ತಿದ್ದ. ಈ ಮಹಾರಾಯ ಬೇಲಿ ಹಾರಿ ಹೋಗಿ ಅವನ ಮೂಗು ಒಡೆದುಹಾಕಿದ. ಲಿಂಕನ್‌ಶೈರಿನ ನಮ್ಮ ಹಳ್ಳಿಯಲ್ಲಿ ಎಲ್ಲರೂ ಅವನಿಗೆ ತಲೆಕೆಟ್ಟಿದೆ ಎಂದರು. ನನಗೆ ಕಾರಣ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಯುದ್ಧಕಾಲದಲ್ಲಿ ಅವನು ಬಾಂಬರ್ ವಿಮಾನಗಳ ಬಂದೂಕು ಸರಿಪಡಿಸುತ್ತಿದ್ದ. ನಾನು ಹಾರಲು ಹೊರಟ ಹುಡುಗರನ್ನು ಲಾರಿಯಲ್ಲಿ ವಿಮಾನದ ತನಕ ಬಿಟ್ಟುಬರುತ್ತಿದ್ದೆ.

ಯುದ್ಧ ಮುಗಿದ ನಲವತ್ತೆರಡು ವರ್ಷಗಳ ಮೇಲೆ ನಮ್ಮ ವಾಯುದಳದ ಹಳಬರ ಸಂಘದವರು, ಕಲಾವಿದನೊಬ್ಬ ಬಿಡಿಸಿದ ಯುದ್ಧವಿಮಾನಗಳ ಚಿತ್ರಪುಸ್ತಕವೊಂದನ್ನು ಸಿರಿಲ್‌ಗೆ, ನನಗೆ, ಐವಿ ಓಡ್ಲಿಂಗ್‌ಗೆ ಕಳಿಸಿ, ಅದಕ್ಕೆ ಬಹುಮಾನ ಕೊಡಬಹುದೋ ಹೇಳಿ ಅಂದರು. ಐವಿಯ ತಮ್ಮ ಲೆನ್ ವಿಮಾನದ ಬಾಲದ ಗೂಡಿನಲ್ಲಿ ಕೂತು ಬಂದೂಕು ಹಾರಿಸುತ್ತಿದ್ದವನು, ಯುದ್ಧದಲ್ಲೇ ತೀರಿಕೊಂಡವನು. ಪುಸ್ತಕದಲ್ಲಿ ಅವನ ವಿಮಾನವೇ ಇತ್ತು. ಮೂವರೂ ಒಪ್ಪಿ ಪುಸ್ತಕದಲ್ಲಿ ಸಹಿ ಹಾಕಿದರೆ ಬಹುಮಾನ ಬಂದು ಆ ಚಿತ್ರ ಲೆನ್ ಹೆಸರಿನ ಸಮೇತ ಚರ್ಚಿನ ಗೋಡೆಗೇರುತ್ತಿತ್ತು. ಸಾಯುವ ಮೊದಲು ಅದೊಂದನ್ನು ನೋಡಬೇಕೆಂದು ಐವಿ ಹಂಬಲಿಸುತ್ತಿದ್ದಳು.

ಮಧ್ಯಾಹ್ನ ಪಬ್ಬಿನಲ್ಲಿ ಸೇರಿದೆವು. ನಾನು, ಐವಿ ಸಹಿ ಮಾಡಿದೆವು. ಸಿರಿಲ್ ಮೇಜಿಗೆ ಗುದ್ದಿದ. ಬಿಯರ್ ಚೆಲ್ಲಿತು.

"ಸುಳ್ಳು! ನಾನು ಮಾಡಲ್ಲ."

"ಏನೋ ಸುಳ್ಳು?" ಐವಿ ಎದ್ದು ನಿಂತಳು. "ನಂಬರ್ ತಪ್ಪಾ? ಬಣ್ಣ ತಪ್ಪಾ?"

"ಬಾಲದ ಗೂಡು ನೋಡು. ಎದುರಿಗೆ ಗಾಜಿದೆ. ಲೆನ್ ಗೂಡಲ್ಲಿ ಗಾಜಿರ್ಲಿಲ್ಲ."

"ಅಯ್ಯೋ ನಿನ್ನ ಮುಖಕ್ಕಿಷ್ಟು! ಒಂದು ಗಾಜಿಗೋಸ್ಕರ ನನ್ನ ತಮ್ಮನ ಹೆಸರು ತಪ್ಪಿಸ್ತೀಯಾ?"

ಸಿರಿಲ್ ಚೀಲದಿಂದ ಹಳದಿಗಟ್ಟಿದ ಒಂದು ಪ್ಲಾಸ್ಟಿಕ್ ಹಲಗೆ ತೆಗೆದು ಚಿತ್ರದ ಮೇಲೆ ಇಟ್ಟ. ನಾವೆಲ್ಲ ಗಾಜು ಅನ್ನುತ್ತಿದ್ದದ್ದು ಅದನ್ನೇ. ಅದರ ಮೇಲಿನ ಗೀರು, ಎಣ್ಣೆ ಹನಿ ಕತ್ತಲಲ್ಲಿ ಶತ್ರುವಿಮಾನದ ಹಾಗೆ ಕಾಣುತ್ತವೆಂದು ಬಾಲದ ಹುಡುಗರು ಅದನ್ನು ಕೊಯ್ಸಿಹಾಕುತ್ತಿದ್ದರು. ಮುಖ ಮರಗಟ್ಟಿದರೂ ಸರಿ, ಕಣ್ಣು ಕಾಣಬೇಕು.

"ಅವನೇ ಬಂದು ಕೊಯ್ಯಿ ಅಂದ. ಬರೋ ತನಕ ಇಟ್ಕೊಂಡಿರು ಅಂದ," ಎಂದ ಸಿರಿಲ್.

"ಎಲ್ಲಿ ಬಂದ?" ಎಂದಳು ಐವಿ. " ಗುಂಡು ಬಿದ್ದ ತಕ್ಷಣ ಜೀವ ಹೋಯ್ತು, ನೋವಾಗ್ಲಿಲ್ಲ ಅಂತ ನಮಗೆ ಕಾಗದ ಬಂದಿತ್ತು."

ಸಿರಿಲ್ ನನ್ನ ಮುಖ ನೋಡಿದ. ಲೆನ್‌ನ ವಿಮಾನ ಇಳಿದ ಆ ಬೆಳಿಗ್ಗೆ ನನ್ನ ಲಾರಿ ಅಲ್ಲೇ ನಿಂತಿತ್ತು.

"ಹೇಳಿಬಿಡು ಮಾರಾಯ," ಎಂದೆ. "ಸಾಕಾಗಿದೆ ನನಗೂ."

"ತಕ್ಷಣ ಅಲ್ಲ ಐವಿ. ಇಳಿದಾಗ ಜೀವ ಇತ್ತು. ಗೂಡೆಲ್ಲ ಜರಡಿ ಆಗಿತ್ತು. ಬಾಗಿಲು ಕಚ್ಕೊಂಡಿತ್ತು, ಕೊಡಲೀಲಿ ಒಡೆದೆ. ಹೊಟ್ಟೆ ಬಿರಿದು ಕರುಳು ಗುಂಡಿನ ಪಟ್ಟಿಗೆ ಸುತ್ಕೊಂಡಿತ್ತು. ಎಡಗಾಲು ಇರ್ಲೇ ಇಲ್ಲ. ತೋಳು ಹಿಡಿದೆಳೆದೆ, ತೋಳೇ ನನ್ನ ಕೈಗೆ ಬಂತು. ಆಗ್ಲೂ ನನ್ನ ಗುರುತು ಹಿಡಿದ. 'ಸಿರಿಲ್, ಚಳಿ ಕಣೋ, ಗಾಜು ಹಾಕೋ' ಅಂದ. ಅಷ್ಟೇ."

ಸಿರಿಲ್ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಸಿಕ್ಕಿದ್ದನ್ನ ಪೆಟ್ಟಿಗೆಗೆ ಹಾಕಿದ್ರು. ಉಳಿದದ್ದನ್ನ ತೊಳಿ ಅಂದ್ರು. ಪೈಪ್ ಹಿಡಿದು ತೊಳೆದೆ. ಎಷ್ಟು ತೊಳೆದ್ರೂ ನೀರು ಕೆಂಪಗೇ ಹರೀತಿತ್ತು."

ಐವಿ ಅವನ ಕೆನ್ನೆಗೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು, ಮುಷ್ಟಿ ಕಟ್ಟಿ. ಕನ್ನಡಕ ಹಾರಿ ನನ್ನ ತಟ್ಟೆಗೆ ಬಿತ್ತು, ಮೂಗಿನಿಂದ ರಕ್ತ ಇಳಿಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಅವಳನ್ನು ತಡೆಯಬೇಕೆಂದು ನನಗೂ ಅನಿಸಲಿಲ್ಲ. ನನಗೂ ಎರಡು ಬೀಳಬೇಕಿತ್ತು.

ಆಮೇಲೆ ಐವಿ ಕೂತಳು. ಆ ಹಲಗೆಯನ್ನು ಕಣ್ಣಿಗೆ ಹಿಡಿದು ಕಿಟಕಿಯತ್ತ ನೋಡಿದಳು. ಬರೀ ಗೀರು.

"ಏನೂ ಕಾಣಲ್ಲ."

"ಅದಕ್ಕೇ ಕೊಯ್ಸಿದ್ದು."

"ಗಾಜು ಹಾಕು ಅಂದ್ನಾ?"

"ಹೂಂ."

"ನೀನು ಹಾಕ್ಲಿಲ್ಲ."

"ಇಲ್ಲ." ಸಿರಿಲ್ ಮಗುವಿನ ಹಾಗೆ ಬಿಕ್ಕತೊಡಗಿದ. ಅಷ್ಟು ವರ್ಷಗಳಲ್ಲಿ ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಐವಿ ಪುಸ್ತಕವನ್ನು ಅವನ ಮುಂದೆ ತಳ್ಳಿದಳು. ಚಿತ್ರದಲ್ಲಿ ಲೆನ್ ಗಾಜಿನ ಹಿಂದೆ ಬೆಚ್ಚಗೆ ಕೂತಿದ್ದ.

"ಈ ಚಿತ್ರ ಬರೆದವನು ಗಾಜು ಹಾಕಿದಾನೆ ನೋಡು. ತಿಳಿದೋ ತಿಳೀದೆನೋ, ಹಾಕಿದಾನೆ. ಸಹಿ ಮಾಡೋ."

ಸಿರಿಲ್ ಸಹಿ ಮಾಡಿದ. ಮೂಗಿನ ರಕ್ತ ಹಾಳೆಯ ಮೇಲೆ ತೊಟ್ಟಿಕ್ಕಿತು. ಒರೆಸಲು ಹೋದವನ ಕೈಯನ್ನು ಐವಿ ಗಟ್ಟಿಯಾಗಿ ಹಿಡಿದುಕೊಂಡಳು.

"ಇರ್ಲಿ ಬಿಡು," ಎಂದಳು. "ನೀನು ತೊಳೆದದ್ದು ಸಾಕು."