ಬಗ್ಗುವ ಫುಲ್‌ಬ್ಯಾಕ್

ಹನ್ನೊಂದು ವರ್ಷ ನಾನು ಅಮೆರಿಕನ್ ಫುಟ್‌ಬಾಲ್ ಆಡಿದೆ, ಅದೂ ಇಂಗ್ಲೆಂಡಿನಲ್ಲಿ. ಹೀಗೆಂದ ಕೂಡಲೇ ಧಾರವಾಡದ ನೆಂಟರು ಕೇಳುವ ಮೊದಲ ಪ್ರಶ್ನೆ, ಎಷ್ಟು ಗೋಲು ಹೊಡೆದೆ ಎಂದು. ಒಂದೂ ಇಲ್ಲ. ಆ ಆಟದಲ್ಲಿ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಎದುರಾಳಿಯ ಗೆರೆ ದಾಟಬೇಕು. ನನ್ನ ಕೈಗೆ ಚೆಂಡು ಬರುವುದೇ ಅಪರೂಪ, ಏಕೆಂದರೆ ನಾನು ಫುಲ್‌ಬ್ಯಾಕ್. ಚೆಂಡು ಹಿಡಿದವನು ನನ್ನ ಬೆನ್ನ ಹಿಂದೆ ಓಡಿ ಬರುತ್ತಾನೆ. ಅವನಿಗಿಂತ ಎರಡು ಹೆಜ್ಜೆ ಮುಂದೆ ನುಗ್ಗಿ, ಅವನನ್ನು ಕೆಡವಲು ಬರುವ ಮೊದಲ ಆಸಾಮಿಗೆ ಭುಜ ಕೊಟ್ಟು ಗುದ್ದಿ ದಾರಿ ಬಿಡಿಸುವುದು ನನ್ನ ಕೆಲಸ. ದಾರಿ ಬಿಟ್ಟಿತೆಂದರೆ ಚಪ್ಪಾಳೆ ಅವನ ಹಿಂದೆ ಓಡುತ್ತದೆ, ನಾನು ಹುಲ್ಲಿನ ಮೇಲೆ ಬಿದ್ದಿರುತ್ತೇನೆ.

ಆದರೆ ಆ ಗುದ್ದಿನ ಸುಖವನ್ನು ನಿಮಗೆ ಹೇಗೆ ಹೇಳಲಿ. ನನಗಿಂತ ಒಂದಡಿ ಎತ್ತರದ ಗಂಡಸು ಎದುರಿನಿಂದ ದಡದಡ ಬರುತ್ತಾನೆ, ನಾನು ತಗ್ಗಿ ಅವನ ಎದೆಯ ಕೆಳಗೆ ಹೊಗುತ್ತೇನೆ, ಭುಜಕ್ಕೆ ಕಟ್ಟಿದ ಪ್ಯಾಡಿಗೆ ಪ್ಯಾಡು ಬಡಿದು ಫಟ್ ಎನ್ನುತ್ತದೆ, ಅವನು ಹಿಂದಕ್ಕೆ ವಾಲುತ್ತಾನೆ. ಆ ಕ್ಷಣ ಮೈಯೆಲ್ಲ ಜುಮ್ಮೆನ್ನುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅದು ಹಳಸಲಿಲ್ಲ.

ಕಬಡ್ಡಿ ಆಡಿದ್ದಿರಾ ಎಂದು ಎಲ್ಲರೂ ಕೇಳುತ್ತಾರೆ. ಶಾಲೆಯಲ್ಲಿ ನಾನು ಮರದ ಕೆಳಗೆ ಕೂತು ಅಂಕ ಬರೆಯುವವನು. ಗಿಡ್ಡ, ಅಗಲ, ಕುತ್ತಿಗೆ ಎಲ್ಲಿದೆ ಎಂದು ಹುಡುಕಬೇಕು. ಬರ್ಮಿಂಗ್‌ಹ್ಯಾಮಿಗೆ ಓದಲು ಬಂದ ಮೊದಲ ವಾರ, ಯೂನಿವರ್ಸಿಟಿಯ ಅಂಗಳದಲ್ಲಿ ಕ್ಲಬ್ಬುಗಳ ಮೇಜು ಸಾಲಾಗಿ ಹಾಕಿದ್ದರು. ಅಮೆರಿಕನ್ ಫುಟ್‌ಬಾಲ್ ಮೇಜಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಂಥ ನೋಟ ನನಗೆ ಅಭ್ಯಾಸವಿತ್ತು, ಆದರೆ ಇವನ ಮುಖದಲ್ಲಿ ಸಂತೋಷವಿತ್ತು. ಮೊದಲ ದಿನದ ತರಬೇತಿ ಮುಗಿಸಿ ಸೆಲ್ಲಿ ಓಕ್‌ನಲ್ಲಿ ನಾವು ಕೆಲವರು ಹಂಚಿಕೊಂಡಿದ್ದ ಬಾಡಿಗೆ ಮನೆಗೆ ಬಂದಾಗ ಮೆಟ್ಟಿಲು ಹತ್ತಲು ಕಾಲು ಏಳಲಿಲ್ಲ. ಕೂತುಕೊಂಡು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಏರಿ ಕೋಣೆ ಸೇರಿದೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ.

ಆಮೇಲೆ ರೈಲ್ವೆ ಸಿಗ್ನಲ್ ವಿನ್ಯಾಸದ ಕೆಲಸ ಸಿಕ್ಕಿತು, ಮದುವೆಯಾಯಿತು, ಸ್ಟಾಕ್‌ಪೋರ್ಟಿನಲ್ಲಿ ಮನೆಯಾಯಿತು. ಮ್ಯಾಂಚೆಸ್ಟರಿನ ಒಂದು ಹವ್ಯಾಸಿ ತಂಡ ಸೇರಿದೆ. ವಾರವಿಡೀ ಸ್ಕ್ರೀನಿನ ಮುಂದೆ ಕೂತು ನಕ್ಷೆ ತಿದ್ದುವವನಿಗೆ ಭಾನುವಾರ ಒಂದೇ ಬದುಕಿದ ದಿನ ಅನ್ನಿಸುತ್ತಿತ್ತು. ನನ್ನ ಹಿಂದೆ ಚೆಂಡು ಹಿಡಿದು ಓಡುತ್ತಿದ್ದವನು ಓಲ್ಡಮ್ಮಿನ ಪ್ಲಂಬರ್. ತೆಳ್ಳಗೆ, ಚುರುಕಾಗಿದ್ದ. ಭುಜ ಹೋದರೆ ಕೆಲಸವೂ ಹೋಗುತ್ತದೆ ಎಂದು ಯಾವಾಗಲೂ ಹೇಳುತ್ತಿದ್ದ. ನನ್ನ ಮೂವತ್ತಾರನೇ ವಯಸ್ಸಿನ ಬೇಸಿಗೆಯಲ್ಲಿ, ನನ್ನ ತಪ್ಪಿನಿಂದ, ಅವನ ಭುಜಕ್ಕೇ ಪೆಟ್ಟಾಯಿತು.

ಹೇಗಾಯಿತೆಂದು ಆ ದಿನ ಯಾರಿಗೂ ತಿಳಿಯಲಿಲ್ಲ, ನನಗೂ. ಮಂಗಳವಾರ ಕ್ಲಬ್ಬಿನ ಕೋಣೆಯಲ್ಲಿ ಕೋಚ್ ಪಂದ್ಯದ ವಿಡಿಯೋ ಹಾಕಿದರು. ಅವರು ಹೈಸ್ಕೂಲಿನ ಗಣಿತದ ಮೇಷ್ಟ್ರು, ತಪ್ಪನ್ನು ಕೆಂಪು ಶಾಯಿಯಲ್ಲಿ ಸುತ್ತುವ ಸ್ವಭಾವ ಆಟದಲ್ಲೂ ಬಿಡದವರು. ಚಿತ್ರ ನಿಲ್ಲಿಸಿ ನನ್ನತ್ತ ತಿರುಗಿ, "ಇಲ್ಲಿ ಏನು ಮಾಡ್ತಿದೀಯ? ಶೂ ಲೇಸ್ ಕಟ್ತಿದೀಯಾ?" ಎಂದು ಕೇಳಿದರು.

ನೋಡಿದೆ. ಇಪ್ಪತ್ತೆರಡು ಜನರ ತಳ್ಳಾಟದ ನಡುವೆ ನಾನು ಒಬ್ಬನನ್ನು ತುಳಿದಿದ್ದೇನೆ. ತುಳಿದವನು ಬಗ್ಗಿ, ಬಿದ್ದವನ ಮೊಣಕಾಲು ಮುಟ್ಟಿ, ಬೆರಳನ್ನು ಹೆಲ್ಮೆಟ್ಟಿನಲ್ಲಿ ಮುಖದ ಮುಂದಿರುವ ಸರಳಿಗೆ ಒತ್ತಿಕೊಳ್ಳುತ್ತಿದ್ದೇನೆ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ನಮ್ಮ ಮನೆಯಲ್ಲಿ ಎಲ್ಲರೂ ಮಾಡುವಂಥದು. ಮಾಡುತ್ತೇನೆಂದೇ ನನಗೆ ಗೊತ್ತಿರಲಿಲ್ಲ. ಕೋಚ್ ಆ ವರ್ಷದ ಎಲ್ಲ ಪಂದ್ಯಗಳ ವಿಡಿಯೋ ಜಾಲಾಡಿ ಅಂಥ ಹದಿನಾಲ್ಕು ತುಣುಕು ಹೆಕ್ಕಿ ಒಂದರ ಹಿಂದೊಂದು ಅಂಟಿಸಿದ್ದರು. ಬಗ್ಗು, ಮುಟ್ಟು, ಒತ್ತಿಕೋ. ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೊನೆಯ ತುಣುಕಿನಲ್ಲಿ ನಾನು ಬಗ್ಗಿದ ಅರೆಗಳಿಗೆಯಲ್ಲಿ ಎದುರಾಳಿ ನನ್ನ ಬೆನ್ನ ಮೇಲಿಂದ ಹಾರಿ ಪ್ಲಂಬರನನ್ನು ನೆಲಕ್ಕೆ ಅಪ್ಪಳಿಸಿದ. ಕೋಚ್ ಅಲ್ಲಿಗೆ ವಿಡಿಯೋ ನಿಲ್ಲಿಸಿದರು.

ನಾನು ಪದ್ಧತಿ ವಿವರಿಸಿದೆ. ಕೋಚ್ ಮರ್ಯಾದೆಯಿಂದಲೇ ಕೇಳಿಸಿಕೊಂಡು, "ಸಾರಿ ನಾವೂ ಹೇಳ್ತೀವಿ. ನಮ್ಮ ಕಾಲನ್ನ ಬೇರೆಯವರು ತುಳಿದರೂ ನಾವೇ ಹೇಳ್ತೀವಿ. ಆದರೆ ಸೀಟಿ ಊದಿದ ಮೇಲೆ," ಎಂದರು. ಆಮೇಲೆ ಮಾತು ಖಾರವಾಯಿತು. ಫುಲ್‌ಬ್ಯಾಕ್ ಇಲ್ಲದೆ ಆಡುವ ತಂಡಗಳೇ ಈಗ ಹೆಚ್ಚು, ನಾವೂ ಹಾಗೆ ಆಡಬಹುದು ಎಂದರು. ಮೂರು ವಾರಕ್ಕೆ ಲೀಡ್ಸಿನಲ್ಲಿ ಕೊನೆಯ ಪಂದ್ಯ, ಗೆದ್ದರೆ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ. ಅಲ್ಲಿ ಒಂದೇ ಒಂದು ಸಲ ಬಗ್ಗಿದರೂ ಮುಂದಿನ ವರ್ಷ ಆ ಸ್ಥಾನವೇ ಇರುವುದಿಲ್ಲ. "ಬೇರೆ ಜಾಗ ನಿನಗೆ ಕೊಡೋಕಾಗಲ್ಲ. ಓಡೋಕೆ ನಿಧಾನ, ಉಳಿದದ್ದಕ್ಕೆ ಗಿಡ್ಡ."

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ತನ್ನ ಡ್ಯೂಟಿಯ ಪಟ್ಟಿ ನೋಡಿಕೊಂಡು, "ಮೂರ್ ವಾರ ಭಾಳ ಆತು. ಚಟ ಬಿಡಸೂದು ನಮ್ಮ ಕೆಲಸನ ಐತಿ," ಎಂದಳು.

ಮರುದಿನದಿಂದ ನಮ್ಮ ಹಜಾರವೇ ಮೈದಾನವಾಯಿತು. ಅಡಿಗೆಮನೆಯಿಂದ ಮುಂಬಾಗಿಲವರೆಗೆ ಅವಳು ಸಾಮಾನು ಹರಡುವಳು, ನಾನು ಹೆಲ್ಮೆಟ್ ಹಾಕಿಕೊಂಡು ತುಳಿದು ಓಡಬೇಕು. ಬಗ್ಗಿದರೆ ಕೈ ಮೇಲೆ ಸೌಟಿನ ಏಟು. ಮೊದಲಿಗೆ ಕೌನ್ಸಿಲ್ ಟ್ಯಾಕ್ಸಿನ, ಅಂದರೆ ಮನೆ ಕಂದಾಯದ, ಪತ್ರ ಹಾಸಿದಳು. "ಇದನ್ನ ತುಳಿಯೂದ್ರಾಗ ಏನೂ ಪಾಪ ಇಲ್ಲ, ನಡೀರಿ." ಅದಕ್ಕೂ ಬಗ್ಗಿದೆ. ಎರಡನೇ ವಾರ ಪುಸ್ತಕ ಬಂತು, ಅವಳದೇ ಔಷಧಶಾಸ್ತ್ರದ ದಪ್ಪ ಪುಸ್ತಕ. ನಾಲ್ಕು ದಿನ ಹಿಡಿಯಿತು. ಐದನೇ ದಿನ ತುಳಿದು, ಬಾಗಿಲಿಗೆ ಭುಜ ಕೊಟ್ಟು, ಗೆದ್ದೆ ಎಂದು ತಿರುಗಿದರೆ ಅವಳು ಬಗ್ಗಿ ಆ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. "ನಿಮ್ಮ ಪರವಾಗಿ," ಎಂದಳು. ಮೂರನೇ ವಾರ ಸೋಫಾದ ಮೇಲೆ ಕೂತು ತನ್ನ ಕಾಲನ್ನೇ ದಾರಿಗೆ ಚಾಚಿದಳು. ಶನಿವಾರದ ಹೊತ್ತಿಗೆ ಸೌಟಿಗೆ ಕೆಲಸವಿರಲಿಲ್ಲ. ನಾನು ಕುಣಿದಾಡಿದೆ.

ಲೀಡ್ಸಿನ ಆ ಆಗಸ್ಟ್ ಭಾನುವಾರ ನನ್ನ ಬದುಕಿನ ಒಳ್ಳೆಯ ದಿನಗಳಲ್ಲೊಂದು. ರಗ್ಬಿ ಕ್ಲಬ್ಬಿನ ಮೈದಾನ, ಒಂದು ಬದಿಗೆ ಇಳಿಜಾರು, ಬಿಸಿಲು ಮೋಡ ಎರಡೂ. ಹೆಂಡತಿ ರಜೆ ಹಾಕಿ ಬಂದು ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಪ್ಲಂಬರ್ ಭುಜಕ್ಕೆ ಪಟ್ಟಿ ಬಿಗಿದು ಬಂದಿದ್ದ. ನನ್ನ ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿ, "ನೀನು ನಿಂತರೆ ನಾನು ಸತ್ತೆ," ಎಂದ. ನಗುತ್ತಲೇ ಹೇಳಿದ, ಆದರೂ ನನಗೆ ಬೆವರು ಬಂತು.

ಆಟದ ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ಎಷ್ಟು ಜನರನ್ನು ತುಳಿದೆನೋ ಲೆಕ್ಕವಿಲ್ಲ, ಬಗ್ಗಲಿಲ್ಲ. ಕೊನೆಯ ನಿಮಿಷದಲ್ಲಿ ನಾವು ನಾಲ್ಕು ಅಂಕ ಹಿಂದೆ. ಗೆರೆ ದಾಟಿದರೆ ಆರು ಅಂಕ, ಅದಕ್ಕೆ ಎರಡು ಗಜ ಬಾಕಿ. ಉಳಿದದ್ದು ಒಂದೇ ಯತ್ನ. ಕೋಚ್ ಕೈಸನ್ನೆ ಮಾಡಿದರು: ಫುಲ್‌ಬ್ಯಾಕ್ ಮುಂದೆ, ಪ್ಲಂಬರ್ ಹಿಂದೆ, ನಡುವಿನ ಸಂದಿ.

ಚೆಂಡು ಹಿಂದಕ್ಕೆ ಬಂತು, ನಾನು ನುಗ್ಗಿದೆ. ಸಂದಿ ತೆರೆಯಿತು, ಅದೇ ಹೊತ್ತಿಗೆ ಲೀಡ್ಸಿನವನೊಬ್ಬ ನನ್ನ ಮುಂದೆ ಅಡ್ಡ ಬಿದ್ದ. ನನ್ನ ಬಲಗಾಲು ಅವನ ತೊಡೆಯ ಮೇಲೆ ಪೂರ್ತಿ ಊರಿತು. ಅದರ ಮೆತ್ತನೆ ಬೂಟಿನೊಳಗಿನ ಕಾಲಿಗೂ ತಿಳಿಯಿತು, ಅವನು ಅಯ್ಯೋ ಎಂಬಂತೆ ಏನೋ ಕೂಗಿದ್ದೂ ಕೇಳಿತು. ಕೈ ಅಲುಗಲಿಲ್ಲ. ಎದುರಿನ ದೈತ್ಯನ ಎದೆಯ ಕೆಳಗೆ ಹೊಕ್ಕು ಎತ್ತಿದೆ, ಇಬ್ಬರೂ ಗೆರೆಯಾಚೆ ಬಿದ್ದೆವು, ನಮ್ಮಿಬ್ಬರ ಮೇಲಿಂದ ಪ್ಲಂಬರ್ ಚೆಂಡು ಅವಚಿಕೊಂಡು ಹಾರಿದ. ಸೀಟಿ. ರೆಫರಿಯ ಎರಡೂ ಕೈ ಮೇಲೆ, ಅಂಕ ನಮ್ಮದು. ಹದಿನೈದು ಜನ ನನ್ನ ಮೇಲೆ ಬಿದ್ದು ಉಸಿರು ಕಟ್ಟಿಸಿದರು. ಕೋಚ್ ಬಂದು ನನ್ನ ಹೆಲ್ಮೆಟ್ ತಟ್ಟಿ, "ಮುಂದಿನ ವರ್ಷ ಬೇಗ ಬಾ," ಎಂದರು. ನಾನು ಮಗುವಿನ ಹಾಗೆ ಅತ್ತೆ.

ಮನೆಗೆ ಮರಳುವ ರೈಲು ಕಿಕ್ಕಿರಿದಿತ್ತು. ಹೇಗೋ ಎರಡು ಸೀಟು ಸಿಕ್ಕವು. ಕೂತ ಕ್ಷಣದಿಂದ ಆ ಕೊನೆಯ ಯತ್ನವನ್ನು ಹೆಂಡತಿಗೆ ಹೇಳತೊಡಗಿದೆ. ಅವಳು ಕಣ್ಣಾರೆ ನೋಡಿದ್ದಳು, ಆದರೂ ಮೂರು ಸಲ ಹೇಳಿದೆ, ಕೈಯಲ್ಲಿ ತೋರಿಸಿ. ಹಡರ್ಸ್‌ಫೀಲ್ಡ್ ದಾಟುವವರೆಗೂ ಅವಳು ತಡೆಯಲಿಲ್ಲ.

"ಗಾಡಿ ಹತ್ತೂ ಮುಂದ ನನ್ನ ಕಾಲ ತುಳದ್ರಿ," ಎಂದಳು ಆಮೇಲೆ.

"ಯಾವಾಗ?"

"ಲೀಡ್ಸ್‌ನ್ಯಾಗ. ತುಳದ್ರಿ, ಕುಂತ್ರಿ, ಮಾತಾಡಾಕ ಹತ್ತಿದ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅವಳ ಕಪ್ಪು ಚಪ್ಪಲಿಯಲ್ಲಿ ಹೆಬ್ಬೆರಳು ಕೆಂಪಗಾಗಿ ಊದಿತ್ತು, ಮೇಲೆ ಒಣಗಿದ ಮಣ್ಣು. ಅವಳು ಅದನ್ನು ನೋಡುತ್ತ, "ಭಾಳ ಚಲೋ ಕಲಿಸೀನಿ ನೋಡ್ರಿ ನಾನು," ಎಂದಳು.

ಮೈಯೆಲ್ಲ ನೋಯುತ್ತಿತ್ತು, ಪಕ್ಕೆಲುಬು ಬಗ್ಗಬೇಡ ಎನ್ನುತ್ತಿತ್ತು. ಎದುರಿಗೆ ಕೂತ ಮುದುಕಿ ಪತ್ರಿಕೆ ಕೆಳಗಿಳಿಸಿ ನೋಡಿದಳು. ನಾನು ಬಗ್ಗಿ ಆ ಬೆರಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಇಷ್ಟು ವರ್ಷ ತಾನಾಗಿ ಹೋಗುತ್ತಿದ್ದ ಕೈಯನ್ನು ಅವತ್ತು ನಾನೇ ಕಳಿಸಬೇಕಾಯಿತು.