ಹಳದಿ ಟೋಪಿಗಳ ಲೆಕ್ಕ

ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು ಮೊದಲು ಯಾರೋ ನಿದ್ದೆಯಲ್ಲಿ ಹಲ್ಲು ಕಡಿದಂತೆ ಶುರುವಾಗುತ್ತದೆ. ಆಮೇಲೆ ಗೋಣಿಚೀಲದಲ್ಲಿ ಗಾಜು ತುಂಬಿ ನೆಲದ ಮೇಲೆ ಎಳೆದಂತೆ. ದೋಣಿಗಳು ದಡ ಮುಟ್ಟುವ ಮೊದಲೇ ಐಸ್ ತಯಾರಿರಬೇಕು, ಅದಕ್ಕೆ ಬಂದರಿನ ಹಿಂದಿನ ಬೀದಿಗೆ ಬೆಳಕಿಗಿಂತ ಮೊದಲು ಈ ಸದ್ದು ಬರುತ್ತದೆ. ಐಸ್ ಕಾರ್ಖಾನೆಗೆ ಅಂಟಿಕೊಂಡ ಕಟ್ಟಡದ ಮಹಡಿಯ ಕೋಣೆಯಲ್ಲಿ, ಗೋಡೆ ಸಣ್ಣಗೆ ನಡುಗಲು ತೊಡಗಿದಾಗ, ಮೈಕಕ್ಕ ಏಳುತ್ತಾಳೆ.

ಪ್ರವಾಸದ ಬಸ್ಸಿನಲ್ಲಿ ಮೈಕು ಹಿಡಿದು ಕರಾವಳಿ ತೋರಿಸುವುದು ಅವಳ ಕೆಲಸ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ತಿರುಗಿ ಬರುವ ಅರ್ಧ ದಿನದ ಸುತ್ತು. ಎದ್ದ ಕೂಡಲೇ ಉಪ್ಪುನೀರು ಕಾಯಿಸಿ, ಕಿಟಕಿಯ ಸರಳಿಗೆ ನೇತುಹಾಕಿದ ಕನ್ನಡಿಯ ಮುಂದೆ ನಿಂತು ಗಂಟಲು ತೊಳೆಯುತ್ತಾಳೆ. ಕೆಳಮನೆಯಲ್ಲಿ ಬಲೆ ಹೊಲಿಯುವ ಮುದುಕ ಅದನ್ನು ಕೇಳಿಸಿಕೊಂಡು, "ಮೈಕಕ್ಕನ ಇಂಜಿನ್ ಶುರುವಾಯ್ತು. ಇನ್ನು ಬಸ್ಸು ಹೊರಡತ್ತೆ" ಎನ್ನುತ್ತಾನೆ. ಹೇಳಿ ಹೇಳಿ ಸವೆದ ಮಾತು. ಅವಳು ಮಾತ್ರ ಪ್ರತಿ ಸಲವೂ ಮೇಲಿನಿಂದ, "ಇಂಜಿನ್ ನಂದು ಸರಿ ಇದೆ ತಾತ, ನಿಮ್ಮ ಸೈಲೆನ್ಸರ್ ನೋಡ್ಕೊಳ್ಳಿ" ಎಂದು ಉತ್ತರ ಕೊಡುತ್ತಿದ್ದಳು. ಈಚೆಗೆ ಕೊಡುವುದಿಲ್ಲ.

ಮದುವೆಯಾಗಿದ್ದಳು. ಗಂಡ ಸರಕು ಹಡಗಿನ ಕೆಲಸಕ್ಕೆ ಹೋದವನು ಇನ್ಯಾವುದೋ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ. ಅದನ್ನು ಅವಳು ಅತ್ತು ಹೇಳಿದ್ದನ್ನು ಯಾರೂ ಕೇಳಿಲ್ಲ, ಬಸ್ಸಿನಲ್ಲಿ ನಗಿಸಿ ಹೇಳಿದ್ದನ್ನು ಎಲ್ಲರೂ ಕೇಳಿದ್ದಾರೆ. ದೀಪಸ್ತಂಭ ದಾಟಿದ ಮೇಲೆ ಸಮುದ್ರದಲ್ಲಿ ಬೆನ್ನು ಬಾಗಿಸಿ ಕೂತ ಹಾಗೆ ಕಾಣುವ ಒಂದು ಬಂಡೆಯಿದೆ. ಮುದುಕಿ ಬಂಡೆ. ಅಲ್ಲಿ ಅವಳು ಮೈಕನ್ನು ತುಟಿಗೆ ಹತ್ತಿರ ತಂದು, "ಗಂಡ ಮೀನು ತರ್ತೀನಿ ಅಂತ ಹೋದ. ಕಾಯ್ತಾ ಕಾಯ್ತಾ ಇವಳು ಕಲ್ಲಾದ್ಳು. ನಾನು ಹಾಗೆ ಕಾಯ್ಲಿಲ್ಲ ನೋಡಿ, ಅದಕ್ಕೇ ನಿಮಗೆ ಗೈಡಾದೆ" ಎನ್ನುತ್ತಾಳೆ. ಬಸ್ಸು ಗೊಳ್ಳೆಂದು ನಗುತ್ತದೆ.

ಡ್ರೈವರ್ ಅವಳ ತಮ್ಮನೇ. ತಾಯಿ ಸತ್ತಾಗ ಅವನು ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತಿರಲಿಲ್ಲ. ಸಾಕಿದವಳು ಇವಳು, ಇದೇ ಕಂಪನಿಯಲ್ಲಿ ಬಸ್ಸು ತೊಳೆಯಲು ಸೇರಿಸಿ, ಮಾಲೀಕನಿಗೆ ದುಂಬಾಲು ಬಿದ್ದು ಸ್ಟಿಯರಿಂಗ್ ಹಿಡಿಸಿದವಳೂ ಇವಳೇ. ಅಕ್ಕ "ಎಡಗಡೆ" ಎನ್ನುತ್ತಿದ್ದಂತೆ ತಮ್ಮನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅವಳು ಉಸಿರು ತೆಗೆದುಕೊಳ್ಳುವ ಕಡೆ ಅವನು ಗೇರು ಬದಲಿಸುತ್ತಿದ್ದ.

ಹತ್ತಿದವರಿಗೆಲ್ಲ ಕಂಪನಿಯ ಹಳದಿ ಟೋಪಿ ಕೊಡುವುದು ಪದ್ಧತಿ. ಬಿಸಿಲಿಗೆ ಎಂದು ಹೇಳುತ್ತಾರೆ, ನಿಜವಾಗಿ ಅದು ಎಣಿಸಲಿಕ್ಕೆ. ನಿಂತಲ್ಲಿ ನಿಲ್ಲದ ಜನರ ಮುಖ ನೆನಪಿಟ್ಟುಕೊಳ್ಳುವುದು ಆಗದ ಮಾತು. ಪ್ರತಿ ಜಾಗದಿಂದ ಹೊರಡುವಾಗ ಮೈಕಕ್ಕ ಬಾಗಿಲಲ್ಲಿ ನಿಂತು, ಡ್ರೈವರನ ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಹಳದಿ ಚುಕ್ಕೆಗಳನ್ನು ಎಣಿಸಿ, "ರೈಟ್" ಎನ್ನುತ್ತಾಳೆ. ಆ ಕರಾವಳಿಯ ಗೈಡುಗಳೆಲ್ಲ ಎಣಿಸುವುದು ಹೀಗೆಯೇ.

ಕೊನೆಯ ಜಾಗ ಚಿಪ್ಪಿನ ಕೊಲ್ಲಿ. ರಸ್ತೆಯಿಂದ ಕಲ್ಲಿನ ಮೆಟ್ಟಿಲು ಇಳಿದರೆ ಕಡಿದಾದ ಬಂಡೆಗಳ ಕಾಲಡಿಯಲ್ಲಿ ಅಗಲವಾದ ಹಾಸುಗಲ್ಲು. ಇಳಿತದ ಹೊತ್ತಿನಲ್ಲಿ ಅಂಗಳದಷ್ಟು ವಿಶಾಲ, ಉಬ್ಬರ ಬಂದರೆ ಅಲ್ಲೊಂದು ಅಂಗಳವಿತ್ತೆಂದು ಹೇಳಿದರೂ ನಂಬುವುದು ಕಷ್ಟ. ಮೆಟ್ಟಿಲ ತಲೆಯಲ್ಲಿ ತಮ್ಮನ ಹೆಂಡತಿ ಹಣ್ಣು ಹೆಚ್ಚಿ ಮಾರುತ್ತಿದ್ದಳು.

ಆವತ್ತು ಹುಣ್ಣಿಮೆಯ ಮರುದಿನ. ನೀರು ಎಂದಿಗಿಂತ ಎತ್ತರ ಬರುವ ದಿನ. ಮುಂದಿನ ಸೀಟಿನಲ್ಲಿ ಒಬ್ಬ ವೃದ್ಧರು ಒಬ್ಬರೇ ಬಂದಿದ್ದರು. ಹತ್ತಿ ಗಿರಣಿಯ ಯಂತ್ರಗಳ ನಡುವೆ ದುಡಿದು ಕಿವಿ ಕಳೆದುಕೊಂಡವರು. ಹೊರಟ ಸ್ವಲ್ಪದರಲ್ಲೇ ಇಡೀ ಬಸ್ಸಿಗೆ ಕೇಳುವಂತೆ, "ಮೈಕ್ ಕೆಳಗಿಳಿಸಮ್ಮ, ನಿನ್ನ ಬಾಯಿ ಕಾಣ್ತಿಲ್ಲ" ಎಂದರು. ತುಟಿ ನೋಡಿ ಮಾತು ತಿಳಿಯುವವರು. ಅವಳು ಮೈಕನ್ನು ಗದ್ದಕ್ಕಿಳಿಸಿ ಮುದುಕಿ ಬಂಡೆಯ ಕಥೆ ಹೇಳಿದಾಗ ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವರು ನಕ್ಕರು, "ಬಿಟ್ಟು ಹೋದೋನಿಗೇ ನಷ್ಟ ಬಿಡು" ಎಂದರು.

ಕೊಲ್ಲಿಯಲ್ಲಿ ಒಬ್ಬ ಹೆಂಗಸಿಗೆ ವಾಂತಿ ಹಿಡಿಯಿತು. ಅವಳನ್ನು, ವೃದ್ಧರು ಇಳಿದು ಹೋಗಿ ಖಾಲಿಯಿದ್ದ ಮುಂದಿನ ಸೀಟಿಗೆ ತಂದು ಕೂರಿಸಿ, ನೀರು ಕುಡಿಸಿ, ಚೀಲ ಹಿಡಿದುಕೊಂಡು ನಿಂತಳು ಮೈಕಕ್ಕ. ಅಷ್ಟರಲ್ಲಿ ತಮ್ಮನ ಹೆಂಡತಿ ಗಾಳಿಯ ರಭಸ ನೋಡಿ ಬೇಗ ಅಂಗಡಿ ಕಟ್ಟಿ, ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಕೂತಳು. ಹಾಗೆ ಅವಳು ಆಗೀಗ ಬರುವುದಿತ್ತು. ಬರುವಾಗ ಅಕ್ಕನಿಗೆ ಒಂದು ಮಾತು ಹೇಳುತ್ತಿದ್ದಳು, ಅಕ್ಕ ಒಂದು ತಲೆ ಬಿಟ್ಟು ಎಣಿಸುತ್ತಿದ್ದಳು. ಈ ಸಲ ಹೇಳುವುದು ಆಗಲಿಲ್ಲ. ಆವತ್ತು ತಿರುವಿನಲ್ಲಿ ಮಾಲೀಕನ ಕಡೆಯವನು ತಪಾಸಣೆಗೆ ನಿಂತಿದ್ದಾನೆಂದು ತಮ್ಮನಿಗೆ ಸುದ್ದಿ ಸಿಕ್ಕಿತ್ತು. ಹೊರಗಿನವರನ್ನು ಹತ್ತಿಸಿಕೊಂಡರೆ ಕೆಲಸ ಹೋಗುತ್ತದೆ. ಅವನು ಪೆಟ್ಟಿಗೆಯಿಂದ ಒಂದು ಟೋಪಿ ತೆಗೆದು ಹಿಂದಕ್ಕೆ ಎಸೆದ. ಅವಳು ಹಾಕಿಕೊಂಡಳು, ಮುಖ ಕಾಣದಂತೆ ಕಿಟಕಿಯ ಕಡೆ ತಿರುಗಿದಳು.

ಹಾರ್ನ್ ಮಾಡಿಸಿ, ಸೀಟಿ ಊದಿ, ಜನ ಹತ್ತಿದ ಮೇಲೆ ಮೈಕಕ್ಕ ಕನ್ನಡಿಯಲ್ಲಿ ಹಳದಿ ಎಣಿಸಿದಳು. ಸರಿಯಿತ್ತು. ರೈಟ್ ಎಂದಳು.

ಊರೊಳಗೆ ಬಂದು ಬಸ್ಸು ತಮ್ಮನ ಮನೆಯ ಓಣಿಯ ಬಾಯಲ್ಲಿ ನಿಂತು, ಹಿಂದಿನ ಬಾಗಿಲಿನಿಂದ ಹಣ್ಣಿನ ಬುಟ್ಟಿ ಇಳಿಯಿತು. ಬುಟ್ಟಿಯ ಹಿಂದೆ ಹಳದಿ ಟೋಪಿ ಹಾಕಿದ ತಮ್ಮನ ಹೆಂಡತಿ ಇಳಿದಳು, ಟೋಪಿಯನ್ನು ಕಿಟಕಿಯಿಂದ ಒಳಗೆ ಹಾಕಿ ನಕ್ಕಳು. ಮೈಕಕ್ಕ ತಿರುಗಿ ಎಣಿಸಿದಳು, ಒಂದು ಕಡಿಮೆ, ವೃದ್ಧರು ಬಸ್ಸಿನಲ್ಲಿ ಎಲ್ಲೂ ಇರಲಿಲ್ಲ. ಅಕ್ಕತಮ್ಮಂದಿರು ಯಾರದೋ ಸ್ಕೂಟರ್ ಕಸಿದುಕೊಂಡ ಹಾಗೆ ತೆಗೆದುಕೊಂಡು ಕೊಲ್ಲಿಗೆ ಮರಳಿ ಹೋದರು. ಮೆಟ್ಟಿಲುಗಳು ಅರ್ಧದಿಂದ ಕೆಳಗೆ ಇರಲಿಲ್ಲ. ನೀರು ಅಲ್ಲಿ ಗದ್ದಲವಿಲ್ಲದೆ ಏರಿ ಇಳಿಯುತ್ತಿತ್ತು, ಮಲಗಿದವರ ಎದೆಯಂತೆ. ವೃದ್ಧರ ದೇಹ ಮುದುಕಿ ಬಂಡೆಯಿಂದಾಚೆ ಮೀನುಗಾರರಿಗೆ ಸಿಕ್ಕಿತು.

ಟಿಕೆಟ್ ಕಿಟಕಿಯ ಹಿಂದಿನ ಕೋಣೆಗೆ ಕರೆಸಿ ಮಾಲೀಕ ಮಾತಾಡಿದ. ಕೂಗಾಡಲಿಲ್ಲ.

"ಅವರೇ ಹೇಳಿರಬಹುದಲ್ಲ? ನಾನು ಇಲ್ಲೇ ಇರ್ತೀನಿ, ಸಂಜೆ ಬೇರೆ ಗಾಡೀಲಿ ಬರ್ತೀನಿ ಅಂತ. ಎಷ್ಟೋ ಜನ ಹೇಳ್ತಾರೆ. ಕಿವಿ ಕೇಳದೋರು ಮೆಲ್ಲಗೆ ಮಾತಾಡ್ತಾರೆ, ಬೇರೆಯವರಿಗೆ ಕೇಳಿಸಿರಲಿಕ್ಕಿಲ್ಲ."

"ಅವರು ಜೋರಾಗಿ ಮಾತಾಡ್ತಿದ್ರು, ಸಾರ್."

"ನೋಡು, ಹೋದವರು ತಿರುಗಿ ಬರಲ್ಲ. ನಿನ್ನ ತಮ್ಮ ಜೈಲಿಗೆ ಹೋದ್ರೆ ಅವನ ಮಕ್ಕಳಿಗೆ ನಾನು ಅನ್ನ ಹಾಕ್ಲಾ, ನೀನು ಹಾಕ್ತೀಯಾ?"

ತಮ್ಮ ಗೋಡೆಗೊರಗಿ ನಿಂತಿದ್ದ. ಚಿಕ್ಕಂದಿನಲ್ಲಿ ಪಾತ್ರೆ ಒಡೆದಾಗ ನಿಲ್ಲುತ್ತಿದ್ದ ಹಾಗೆ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು.

ಮೈಕಕ್ಕ ಪೊಲೀಸರ ಮುಂದೆ ಆ ಮಾತು ಹೇಳಿದಳು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿ, ಬಸ್ಸಿನಲ್ಲಿ ಹೇಳುವಷ್ಟೇ ಸರಾಗವಾಗಿ. ಅವರು ನಂಬಿದರು. ಕೆಲಸ ಉಳಿಯಿತು, ತಮ್ಮ ಉಳಿದ, ಕೊಲ್ಲಿಗೆ ಕಬ್ಬಿಣದ ಕಟಕಟೆ ಬಂತು. ತಮ್ಮನ ಹೆಂಡತಿ ಹಣ್ಣು ಮಾರುವುದನ್ನು ಬಿಟ್ಟಳು. ಮೈಕಕ್ಕ ಮಾತ್ರ ಅದೇ ಬಸ್ಸು, ಅದೇ ತಿರುವು, ಅದೇ ಮೆಟ್ಟಿಲು. ಈಗ ಅವಳು ಟೋಪಿ ತೆಗೆಸಿ, ಒಬ್ಬೊಬ್ಬರ ಮುಖ ನೋಡಿ ಎಣಿಸುತ್ತಾಳೆ. ಹೊತ್ತಾಗುತ್ತದೆಂದು ಜನ ಗೊಣಗುತ್ತಾರೆ.

ಮೊನ್ನೆ ಸಂಜೆ ಮಾಲೀಕ ಫೋನು ಮಾಡಿದ. ವೃದ್ಧರ ಮಗಳು ಬಂದಿದ್ದಾಳೆ, ಅಪ್ಪ ನೋಡಿದ್ದನ್ನೆಲ್ಲ ನೋಡಬೇಕಂತೆ. "ಮರ್ಯಾದೆಯಿಂದ ಕರ್ಕೊಂಡು ಹೋಗು. ಮಾತು ಮಾತ್ರ ಮೊದಲಿನದೇ ಇರಲಿ."

ಮಗಳು ನಲವತ್ತರ ಆಸುಪಾಸಿನವಳು, ಶಾಲೆಗಳ ಸಮವಸ್ತ್ರ ಹೊಲಿಯುವ ಕೆಲಸ. ಬಸ್ಸು ಹತ್ತುವಾಗ ಮೈಕಕ್ಕನ ತಮ್ಮ ಕೈ ಕೊಟ್ಟ, ಅವಳು ಅವನ ಕೈ ಹಿಡಿದುಕೊಂಡೇ ಹತ್ತಿದಳು. ಟೋಪಿ ಕೊಟ್ಟಾಗ ಹಾಕಿಕೊಳ್ಳದೆ ಒಳಗಡೆಯ ಹೊಲಿಗೆಯನ್ನು ಬೆರಳಿನಿಂದ ಸವರಿ, "ದಾರ ಒಳ್ಳೇದು ಹಾಕಿಲ್ಲ" ಎಂದಳು. ಮುಂದಿನ ಸೀಟಿನಲ್ಲಿಯೇ ಕೂತಳು.

ದೀಪಸ್ತಂಭವಾಯಿತು. ಮುದುಕಿ ಬಂಡೆ ಬಂದಾಗ ಮೈಕಕ್ಕ ಸುಮ್ಮನಿದ್ದಳು. ಹಿಂದಿನಿಂದ ಯಾರೋ, "ಇದೇನಕ್ಕ, ಇದಕ್ಕೆ ಕಥೆ ಇಲ್ವಾ?" ಎಂದರು. ಕನ್ನಡಿಯಲ್ಲಿ ತಮ್ಮನ ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ಕಥೆ ಹೇಳಿದಳು. ಬಸ್ಸು ನಕ್ಕಿತು. ಮಗಳೂ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. "ಅಪ್ಪಂಗೂ ಹೇಳಿದ್ರಾ ಇದನ್ನ?"

"ಹೇಳಿದ್ದೆ."

"ನಕ್ರಾ?"

"ನಕ್ರು. ಎಲ್ಲರಿಗಿಂತ ಕೊನೇಲಿ."

"ಮನೇಲೂ ಹಾಗೇ. ನಾವು ನಕ್ಕು, ಬಾಯಿ ಮುಚ್ಚಿ, ಬೇರೆ ಮಾತಿಗೆ ಹೋದ್ಮೇಲೆ ಅವರದು ಶುರು."

ಕೊಲ್ಲಿಯಲ್ಲಿ ಉಳಿದವರು ಕಟಕಟೆಯ ಹತ್ತಿರ ಫೋಟೋ ತೆಗೆದುಕೊಳ್ಳುತ್ತಿದ್ದರು. ಇಳಿತದ ಹೊತ್ತು. ಕೆಳಗೆ ಹಾಸುಗಲ್ಲು ಒದ್ದೆಯಾಗಿ, ಖಾಲಿಯಾಗಿ ಬಿದ್ದಿತ್ತು. ಮಗಳು ಮೆಟ್ಟಿಲ ತಲೆಯಲ್ಲಿ ನಿಂತು ಇಳಿಯಲೂ ಆಗದೆ ತಿರುಗಲೂ ಆಗದೆ ಬಹಳ ಹೊತ್ತು ಇದ್ದಳು.

"ಮೇಡಂ, ಒಂದು ಕೇಳ್ತೀನಿ. ಇಲ್ಲೇ ಇರ್ತೀನಿ ಅಂದಾಗ ಅಪ್ಪನ ಮುಖ ಹೇಗಿತ್ತು?"

ಮೈಕಕ್ಕ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಹೊರಡೋ ಹಿಂದಿನ ದಿನ ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟಿದ್ದೆ. ಟಿವಿ ಸದ್ದಿಗೆ. ಹೊಲಿಗೆ ಮಿಷನ್ ಸದ್ದು ಬೇರೆ. ತಲೆ ಸಿಡಿದು ಹೋಗಿತ್ತು. ಎಲ್ಲಾದ್ರೂ ಹೋಗಿ ಅಪ್ಪ, ಒಂದು ದಿನ ನನಗೆ ನೆಮ್ಮದಿ ಕೊಡಿ ಅಂದೆ. ಟಿಕೆಟ್ ನಾನೇ ತೆಗೆಸಿದ್ದು." ಅವಳು ಅಳುತ್ತಿರಲಿಲ್ಲ. ಟೋಪಿಯ ಅಂಚಿನಿಂದ ಒಂದು ದಾರ ಎಳೆಯುತ್ತಿದ್ದಳು, ಅದು ಬರುತ್ತಲೇ ಇತ್ತು. "ನನ್ನ ಗಂಡ ಅಂತಾರೆ, ಅವರಿಗೇನೋ ಆಸೆಯಾಗಿ ಉಳ್ಕೊಂಡಿದಾರೆ ಅಂತ. ನನಗೆ ಗೊತ್ತಿದೆ. ನೀರು ಬರೋದು ಕಣ್ಣಿಗೆ ಕಾಣತ್ತಲ್ಲ? ಕಿವಿ ಹೋಗಿದ್ರೂ ಕಣ್ಣು ಚೆನ್ನಾಗಿತ್ತು ಅವರಿಗೆ. ಮನಸ್ಸು ಮಾಡೇ ಉಳ್ಕೊಂಡ್ರು. ನನ್ನ ಮಾತಿಗೆ. ಅಲ್ವಾ?"

ಬಂಡೆಯ ಮೂಲೆ ತಿರುಗಿ ಆಚೆ ಹೋದವರಿಗೆ ನೀರು ಬರುವುದು ಕಾಣುವುದಿಲ್ಲ, ಅದು ಹಿಂದಿನಿಂದ ದಾರಿ ಮುಚ್ಚಿಕೊಂಡು ಬರುತ್ತದೆ. ಎಲ್ಲರೂ ಸೀಟಿಯ ಸದ್ದಿಗೆ ತಿರುಗಿ ಬರುತ್ತಾರೆ. ಇದನ್ನು ಮೈಕಕ್ಕ ಸಾವಿರ ಸಲ ಮೈಕಿನಲ್ಲಿ ಹೇಳಿದ್ದಾಳೆ.  ಪೊಲೀಸರ ಮುಂದೆ ತಾನು ತಮ್ಮನನ್ನು ಉಳಿಸುವ ಮಾತು ಹೇಳಿದೆ ಎಂದುಕೊಂಡಿದ್ದಳು. ಅದು ಎಲ್ಲಿಗೆ ಹೋಗಿ ಯಾರ ಎದೆಯ ಮೇಲೆ ಕೂತಿದೆ ಎಂದು ನೋಡಿರಲಿಲ್ಲ.

ಅವಳ ತಮ್ಮ ಬಸ್ಸಿನಿಂದಿಳಿದು ಹತ್ತಿರ ಬಂದಿದ್ದ. ಅವನಿಗೆ ಮಾತು ಕೇಳಿಸಿತ್ತು.

"ಅಕ್ಕ, ಹೊತ್ತಾಯ್ತು. ಎಣಿಸು ಬಾ."

ಅವಳು ಅವನನ್ನು ನೋಡಿದಳು. ಕಿವಿಯ ಬಳಿ ಅವನ ಕೂದಲು ನರೆತಿತ್ತು. ಯಾವಾಗ ನರೆಯಿತೋ.

"ಅಕ್ಕ." ಈ ಸಲ ದನಿ ತಗ್ಗಿತ್ತು. "ಮಕ್ಕಳು ಸ್ಕೂಲಿಂದ ಊಟಕ್ಕೆ ಬರೋ ಹೊತ್ತು. ನಡಿ ಹೋಗೋಣ. ನಿನ್ನ ಕಾಲಿಗೆ ಬೀಳ್ತೀನಿ."

"ಗೊತ್ತು ಕಣೋ," ಎಂದಳು. ಅವನ ಅಂಗಿಯ ಕಾಲರು ಮಡಚಿಕೊಂಡಿತ್ತು, ಕೈ ಚಾಚಿ ಸರಿ ಮಾಡಿದಳು. "ಇವತ್ತು ನೀನೇ ಎಣಿಸು. ಮುಖ ನೋಡಿ ಎಣಿಸು."

ಅವನು ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನ ಬೆರಳುಗಳು ತಾವಾಗಿಯೇ ಸಡಿಲವಾದವು. ಅವನು ಕಟಕಟೆಗೆ ಬೆನ್ನು ಕೊಟ್ಟು ಕುಸಿದು ಕೂತ. ಫೋಟೋ ತೆಗೆಯುತ್ತಿದ್ದವರೊಬ್ಬರು, "ಡ್ರೈವರ್‌ಗೆ ಬಿಸಿಲು ಹೊಡೀತು ಅನ್ಸತ್ತೆ, ನೀರು ಕೊಡಿ" ಎಂದರು.

ಮೈಕಕ್ಕ ಮಗಳ ಕೈ ಹಿಡಿದುಕೊಂಡಳು. "ಬಾಮ್ಮ. ಅವರು ಎಲ್ಲಿದ್ರು ಅಂತ ತೋರಿಸ್ತೀನಿ. ಅಲ್ಲಿಗೆ ಸೀಟಿ ಕೇಳತ್ತೆ, ಆದ್ರೆ ಕಿವಿ ಇದ್ದೋರಿಗೆ ಮಾತ್ರ."

"ಮತ್ತೆ ಉಳ್ಕೋತೀನಿ ಅಂತ ಹೇಳಿದ್ರಲ್ಲ?"

"ನಿಮ್ಮಪ್ಪ ಹಾಗೆ ಹೇಳ್ಲೇ ಇಲ್ಲಮ್ಮ. ನಾನು ಹೇಳಿದ್ದು ಸುಳ್ಳು. ಅವರು ಉಳ್ಕೊಂಡಿದ್ದಲ್ಲ, ನಾವು ಬಿಟ್ಟು ಹೋಗಿದ್ದು." ಅವಳು ಮೊದಲ ಮೆಟ್ಟಿಲು ಇಳಿದಳು, ಪಾಚಿಯ ಮೇಲೆ ಹೆಜ್ಜೆ ನೋಡಿಕೊಂಡು, ಮಗಳನ್ನು ಗೋಡೆಯ ಕಡೆಗೆ ಇರಿಸಿಕೊಂಡು. ಗಾಳಿ ಅವಳ ದನಿಯನ್ನು ಅಷ್ಟಷ್ಟಾಗಿ ಒಯ್ಯುತ್ತಿತ್ತು. "ನಿನ್ನ ಮಾತಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನಾನು ಆಗ ಎಣಿಸ್ತಿದ್ದದ್ದು ಮುಖ ಅಲ್ಲಮ್ಮ, ಟೋಪಿ. ಲೆಕ್ಕ ಸರಿಯಾಗೇ ಇತ್ತು. ಆದ್ರೆ ಆವತ್ತು ಹಿಂದಿನ ಸೀಟಲ್ಲಿ ಟೋಪಿ ಹಾಕ್ಕೊಂಡು ಕೂತಿದ್ದೋಳು ನನ್ನ ತಮ್ಮನ ಹೆಂಡತಿ."