ಲಾರಿಯ ಕಣ್ಣಿ

ಬಾಬುರಾಯನಕೊಪ್ಪಲಿನ ಬಳಿ ಮೈಸೂರು ರಸ್ತೆಗೆ ಮುಖ ಮಾಡಿಕೊಂಡು ಒಂದು ತಗಡಿನ ಶೆಡ್ಡಿತ್ತು. ಲಾರಿ ಕೈಕೊಟ್ಟವರೆಲ್ಲ ಅಲ್ಲಿ ಬಂದು ನಿಂತು, "ಯಾಕೆ ಸಾಬ್ರು ಅವ್ರಾ?" ಎಂದು ಕೇಳುತ್ತಿದ್ದರು. ಯಾಕೆ ಸಾಬ್ರ ನಿಜವಾದ ಹೆಸರು ಶಹಾಬುದ್ದೀನ್. ಪಾಪ, ಆ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಕೆಟ್ಟ ಗಾಡಿಯನ್ನು ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಈ ಮನುಷ್ಯನಿಗೆ ರಿಪೇರಿ ಮಾಡಿದರೆ ಸಾಲದು, ಅದು ಯಾಕೆ ಕೆಟ್ಟಿತು ಎನ್ನುವುದೂ ತಿಳಿಯಬೇಕು. ಬೆಲ್ಟ್ ಹರಿದಿದ್ದರೆ ಹೊಸದು ಹಾಕಿ ಕಳಿಸಬಾರದೇ? ಊಹೂಂ. ಯಾಕೆ ಹರಿಯಿತು, ಹೋದ ತಿಂಗಳೇ ಯಾಕೆ ಹರಿಯಲಿಲ್ಲ, ಮೇಲುಕೋಟೆ ಬೆಟ್ಟ ಹತ್ತುವಾಗ ಹರಿಯಿತೋ ಇಳಿಯುವಾಗಲೋ, ಎಂದು ಡ್ರೈವರನ್ನು ನಿಲ್ಲಿಸಿಕೊಂಡು ಕೊರೆಯುತ್ತಿದ್ದ. "ಈಗ ಓಡ್ತಾ ಅದಲ್ಲ ಸಾಬ್ರೆ, ಬುಡಿ, ವೊತ್ತಾಯ್ತು" ಎಂದು ಅವರು ಅಂಗಲಾಚಿದರೂ ಬಾನೆಟ್ಟು ಮುಚ್ಚುತ್ತಿರಲಿಲ್ಲ. ಈ ಚಟದಿಂದ ಗಿರಾಕಿಗಳು ಕಡಿಮೆಯಾದರೇ ಹೊರತು ಚಟ ಕಡಿಮೆಯಾಗಲಿಲ್ಲ. ಇಂಥವನು ಐವತ್ತು ದಾಟಿದ ಮೇಲೆ ಒಂದು ಲಾರಿ ಕೊಂಡ. ಅದೂ ಓಡುವ ಲಾರಿಯಲ್ಲ.

ಸಾವಿರದ ಒಂಬೈನೂರ ತೊಂಬತ್ತನಾಲ್ಕರ ಬೇಸಿಗೆ. ಬಿಂಡಿಗನವಿಲೆಯಲ್ಲಿ ಯಾರದೋ ಟ್ರಾಕ್ಟರು ನಿಂತುಹೋಗಿ, ಅದನ್ನು ನೋಡಲು ಹೋಗಿದ್ದ. ಕೆಲಸ ಮುಗಿಸಿ ಕೈ ತೊಳೆಯಲು ನೀರು ಹುಡುಕುತ್ತಾ ಊರಾಚೆಯ ಮನೆಯೊಂದರ ಹತ್ತಿರ ಬಂದಾಗ, ಹೊಂಗೆಮರದ ಕೆಳಗೆ ಹಳೆಯ ಫಾರ್ಗೋ ಲಾರಿ ಕಂಡಿತು. ಗುಂಡು ಮೂಗಿನ, ಭಾರಿ ಹೊರೆ ಎಳೆಯುತ್ತಿದ್ದ ಪೆಟ್ರೋಲ್ ಲಾರಿ. ಹೆಡ್‌ಲೈಟಿನ ಗೂಡಿನಲ್ಲಿ ಗುಬ್ಬಚ್ಚಿ ಸಂಸಾರ ಹೂಡಿತ್ತು, ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅದೆಲ್ಲ ಎಲ್ಲ ಊರಲ್ಲೂ ಇರುವುದೇ. ಆದರೆ ಶಹಾಬುದ್ದೀನ್ ಬಗ್ಗಿ ಕೆಳಗೆ ನೋಡಿದ. ಆಕ್ಸಲ್‌ಗಳ ಅಡಿಗೆ ಚಚ್ಚೌಕ ಕಲ್ಲು ಕೊಟ್ಟು ಇಡೀ ಲಾರಿಯನ್ನು ಎತ್ತಿ ನಿಲ್ಲಿಸಿದ್ದರು, ಟೈರಿಗೆ ಭಾರ ಬೀಳದ ಹಾಗೆ. ಓಡದ ಲಾರಿಯ ಟೈರಿನ ಮೇಲೆ ಯಾರಿಗಪ್ಪ ಇಷ್ಟೊಂದು ಅಕ್ಕರೆ? ಅವನ ತಲೆಯಲ್ಲಿ ಹುಳ ಹೊಕ್ಕಿತು.

ಮನೆಯ ಜಗಲಿಯ ಮೇಲೆ ಹೆಂಗಸೊಬ್ಬಳು ಕಡಲೆಕಾಯಿ ಸುಲಿಯುತ್ತಿದ್ದಳು. ಹೆಸರು ಮಂಚಮ್ಮ.

"ಅವ್ವಾ, ಈ ಲಾರಿ ಯಾಕೆ ನಿಂತೋಯ್ತು?"

ಮಂಚಮ್ಮ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ ಅವನ ಮುಖ ನೋಡಿದಳು. "ಬಂದೋರೆಲ್ಲ ಎಷ್ಟಕ್ಕೆ ಕೊಟ್ಟೀರಿ ಅಂತ ಕೇಳ್ತಾರೆ. ಯಾಕೆ ನಿಂತೋಯ್ತು ಅಂದೋರು ನೀವೊಬ್ರೇ ಕಣಪ್ಪ. ಬನ್ನಿ, ಕುಂತ್ಕಳಿ."

ನೀರು, ಬೆಲ್ಲ ಕೊಟ್ಟಳು. ಆಮೇಲೆ ಅಪರಿಚಿತನ ಮುಂದೆ ಹೇಳಿಕೊಳ್ಳಬಾರದ ಮಾತನ್ನು ಹೇಳಿದಳು. ಎಷ್ಟೋ ವರ್ಷದಿಂದ ಕೇಳುವವರಿಗಾಗಿ ಕಾದಿದ್ದಳೋ ಏನೋ.

ಲಾರಿ ಆಕೆಯ ಗಂಡ ಬೋರಯ್ಯನದು. ಪಾಂಡವಪುರಕ್ಕೆ ಕಬ್ಬು, ಮೈಸೂರಿಗೆ ಬೆಲ್ಲ, ಕೆ.ಆರ್. ಪೇಟೆಗೆ ಕಲ್ಲು ಎಂದು ಸದಾ ರಸ್ತೆಯ ಮೇಲೆಯೇ ಇರುತ್ತಿದ್ದ. "ಮನೇಗೆ ನೆಂಟ್ರು ಬಂದಂಗೆ ಬರೋರು. ಮಗ ದೇವರಾಜು ಆಗ ತೊಟ್ಲಲ್ಲಿದ್ದ. ಅಪ್ಪನ್ ಮೊಕ ಕಂಡ್ರೆ ಕಿಟಾರಂತ ಅಳೋನು, ಯಾರೋ ಅಂದ್ಕಂಡು. ಒಂದಿನ ಬೆಳಿಗ್ಗೆ ತಡೀನಾರ್ದೆ ಇದ್ನೇ ಅವ್ರ್ ಮೊಕಕ್ಕೇ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಆ ಲಾರಿ ಆಳಾಗೋಗ, ನಿಂತ ತಾವೇ ನಿಂತೋಗ, ಅಂತ ನೆಟಿಗೆ ಮುರಿದೆ. ಮೂರ್ ಸಂಜೆ ಬಂದು ಇದೇ ಮರದಡಿ ನಿಲ್ಲುಸುದ್ರು. ಇಂಜಿನ್ ವೋಯ್ತು ಕಣಮ್ಮಿ, ಅಂದ್ರು. ಅಲ್ಲಿಗೆ ಮುಗೀತು."

ಬೋರಯ್ಯ ನಾಲ್ಕಾರು ದಿನ ಲಾರಿಯ ಸುತ್ತ ಏನೇನೋ ಮಾಡಿಕೊಂಡಿದ್ದು, ಕಲ್ಲು ಕೊಟ್ಟು ಎತ್ತಿ, ನೇಗಿಲು ಹಿಡಿದು ಹೊಲಕ್ಕೆ ಹೋದನಂತೆ. ಮೆಕ್ಯಾನಿಕ್ಕನ್ನು ಕರೆಸಲಿಲ್ಲ, ತಾನಾಗಿ ಬಂದವರಿಗೆ ಬಾನೆಟ್ಟು ಮುಟ್ಟಲು ಬಿಡಲಿಲ್ಲ. ಹೋದ ವರ್ಷ ತೀರಿಕೊಂಡ.

"ಅವತ್ತಿಂದ ನಾನು ಒಬ್ರುಗೂ ಒಂದ್ ಕೆಟ್ಟ ಮಾತಾಡಿಲ್ಲ ಸಾಬ್ರೆ. ನನ್ ಬಾಯಿಗೆ ನಾನೇ ಎದರ್ಕಂಡೆ. ಗಂಡನ್ ಅನ್ನಕ್ಕೇ ಮಣ್ಣಾಕ್ದ ಬಾಯಿ ಇದು." ಅವಳ ಕಣ್ಣು ತುಂಬಿತ್ತು. "ಗುಜರಿಯೋರಿಗೆ ಕೊಡಾಕೆ ಮನಸಿಲ್ಲ. ನೀವು ತಗಂಡೋಗಿ. ಬಿಚ್ಚಿ ನೋಡಿ. ಕಬ್ಣ ಮುರಿದಿತ್ತೋ, ನನ್ ಬಾಯಿ ತಟ್ತೋ, ಬಂದು ನಂಗೆ ಯೋಳ್ಬೇಕು. ಅಷ್ಟೇ ನನ್ ಕರಾರು."

ಇಂಥ ಕರಾರಿಗೆ ಶಹಾಬುದ್ದೀನ್ ಇಲ್ಲ ಎನ್ನುತ್ತಾನೆಯೇ? ಮುಂದಿನ ವಾರವೇ ಪರಿಚಯದವರ ಲಾರಿಯೊಂದನ್ನು ತೆಗೆದುಕೊಂಡು, ಹಳೆಯ ಗಾಲಿಗಳನ್ನೂ ಉದ್ದದ ಹಗ್ಗವನ್ನೂ ಹೇರಿಕೊಂಡು ಬಂದ. ಹಗ್ಗ ಕಂಡು ಮಂಚಮ್ಮನಿಗೆ ಸಮಾಧಾನವಾಯಿತು. ದನ ಮಾರಿದರೂ ಅದರ ಕಣ್ಣಿ, ಎಂದರೆ ಕೊರಳಿನ ಹಗ್ಗ, ಕೊಡುವುದಿಲ್ಲ ಆ ಕಡೆಯವರು. ಕೊಂಡವನೇ ಹೊಸ ಹಗ್ಗ ತರಬೇಕು. ಹಳೆಯ ಕಣ್ಣಿ ಕೊಟ್ಟಿಗೆಯ ಗೂಟದಲ್ಲೇ ಇರಬೇಕು, ಅದೂ ಹೋದರೆ ಲಕ್ಷ್ಮಿಯೂ ಹೋದಳೆಂದೇ ಲೆಕ್ಕ. "ಅಗ್ಗ ನೀವೇ ತಂದ್ರಲ್ಲ, ಒಳ್ಳೇದಾಯ್ತು" ಎಂದಳು. ಈಗ ಆಳೆತ್ತರ ಬೆಳೆದಿದ್ದ ದೇವರಾಜು ಕಲ್ಲು ಸರಿಸಿಕೊಟ್ಟ. ಲಾರಿ ಲಾರಿಯನ್ನೇ ಎಳೆದುಕೊಂಡು ನಾಗಮಂಗಲ ದಾಟಿ, ಪಾಂಡವಪುರ ದಾಟಿ ಬರುವಾಗ ಟೀ ಅಂಗಡಿಯವರು, "ಸಾಬ್ರೇ, ಮೆರವಣಿಗೆ ಎಲ್ಲಿಗೆ?" ಎಂದು ಕೂಗಿ ನಕ್ಕರು.

ಹೆಂಡತಿ ಖೈರುನ್ನೀಸಾ ಮಾತ್ರ ನಗಲಿಲ್ಲ. "ಯಾ ಅಲ್ಲಾ! ಮಿಕ್ಸಿ ತನ್ನಿ ಅಂತ ಕಳಿಸಿದ್ರೆ ಇದನ್ನ ತಂದ್ರಾ ಜೀ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಆಮೇಲೆ ಶುರುವಾಯಿತು ನೋಡಿ. ಗಿರಾಕಿಗಳ ಕೆಲಸ ಮುಗಿದ ಕೂಡಲೇ ಶಹಾಬುದ್ದೀನ್ ಫಾರ್ಗೋದ ಕೆಳಗೆ ತೂರಿಕೊಳ್ಳುತ್ತಿದ್ದ. ತುಕ್ಕು ಉಜ್ಜಿದ, ಕ್ಯಾಬಿನ್ನಿನ ಕೊಳೆತ ಹಲಗೆ ಕಿತ್ತು ಹೊಸದು ಕೂರಿಸಿದ, ಇಲಿ ತಿಂದ ವೈರುಗಳನ್ನು ಬದಲಿಸಿದ. ಕೈ ಕೆಲಸ ಮಾಡುತ್ತಿದ್ದರೂ ತಲೆ ಅದೊಂದೇ ಪ್ರಶ್ನೆಯ ಸುತ್ತ ತಿರುಗುತ್ತಿತ್ತು. ಏನು ಮುರಿದಿತ್ತು?

ಮೊದಲು ಕಂಡದ್ದು ಸೈಲೆನ್ಸರ್ ಕೊಳವೆಯ ಬಾಯಿಗೆ ಬಡಿದಿದ್ದ ಮರದ ಬಿರಡೆ. ಇಲಿ, ಕಣಜ ಒಳಗೆ ಹೋಗದಂತೆ ಅಳತೆ ನೋಡಿ ಕೆತ್ತಿದ್ದು. ರೇಡಿಯೇಟರಿನಲ್ಲಿ ಒಂದು ತೊಟ್ಟು ನೀರಿಲ್ಲದಂತೆ ಬಸಿದಿತ್ತು. ಇಂಜಿನ್ನಿನ ಪ್ಲಗ್ಗುಗಳನ್ನು ಬಿಚ್ಚಿ ಒಳಗೆ ಬೆರಳಾಡಿಸಿದರೆ ಅಂಟಂಟು. ಮೂಸಿ ನೋಡಿದ. ಹರಳೆಣ್ಣೆ! ಅವನು ಅಲ್ಲೇ ಡಬ್ಬದ ಮೇಲೆ ಕೂತುಬಿಟ್ಟ. ಪಿಸ್ಟನ್ನಿಗೆ ತುಕ್ಕು ಹಿಡಿಯಬಾರದೆಂದು ಹೊಯ್ದ ಎಣ್ಣೆ ಅದು. ಹಾಳಾದ ಇಂಜಿನ್ನಿಗೆ ಎಣ್ಣೆ ಹೊಯ್ಯುವವರು ಯಾರು? ಸತ್ತ ಎತ್ತಿಗೆ ಯಾರಾದರೂ ಹುಲ್ಲು ಹಾಕುತ್ತಾರೆಯೇ?

ಸೀಮೆಎಣ್ಣೆ ಬಿಟ್ಟು ನೆನೆಸಿ, ಮೂತಿಗೆ ಹ್ಯಾಂಡಲ್ ಕೊಟ್ಟು ಒತ್ತಿದ. ಜಗ್ಗಲಿಲ್ಲ. ದಿನಾ ಒಂದಿಷ್ಟು ಒತ್ತುತ್ತಾ ಬಂದ. ಕಡೆಗೊಂದು ದಿನ ಮುಲುಗುಟ್ಟಿ ಒಂದು ಸುತ್ತು ತಿರುಗಿತು. ಶಹಾಬುದ್ದೀನ್‌ಗೆ ಆದ ಖುಷಿ ಅಷ್ಟಿಷ್ಟಲ್ಲ. ಶೆಡ್ಡಿನಿಂದ ರಸ್ತೆಗೆ ಓಡಿಬಂದು, ಬಸ್ಸಿಗೆ ಕಾಯುತ್ತಿದ್ದ ಯಾರೋ ದಾರಿಹೋಕನ ಕೈ ಹಿಡಿದು, "ತಿರುಗ್ತು ಕಣ್ರೀ!" ಎಂದ. ಆತ ಬೆಪ್ಪಾಗಿ ನೋಡಿದ.

ಇಂಜಿನ್ನನ್ನು ಪೂರ್ತಿ ಇಳಿಸಿ, ಬಿಚ್ಚಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಮುರಿದದ್ದು ಏನೂ ಇಲ್ಲ. ಬಿರುಕು ಬಿಟ್ಟದ್ದೂ ಇಲ್ಲ. ಕೊನೆಗೆ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನಡುವಿನಲ್ಲಿ ತಿರುಗಬೇಕಾದ ರೋಟರ್ ಎಂಬ ಹೆಬ್ಬೆರಳುದ್ದದ ಬಿಲ್ಲೆ ಇರಲಿಲ್ಲ. ಅದಿಲ್ಲದಿದ್ದರೆ ಇಂಜಿನ್ನು ಜನ್ಮದಲ್ಲಿ ಹೊತ್ತಿಕೊಳ್ಳುವುದಿಲ್ಲ. ಕಳ್ಳತನವೇ? ಅಷ್ಟು ದೊಡ್ಡ ಲಾರಿ ಬಿಟ್ಟು ಅದೊಂದನ್ನೇ ಕದ್ದು, ಮತ್ತೆ ಮುಚ್ಚಳದ ಕ್ಲಿಪ್ಪು ಹಾಕಿ ಹೋಗುವ ಕಳ್ಳ ಎಲ್ಲಿರುತ್ತಾನೆ?

ಬಿಡಿಭಾಗಕ್ಕಾಗಿ ಮೈಸೂರು ತಿರುಗಿದ, ಕೆ.ಆರ್. ಪೇಟೆಯ ಗುಜರಿ ಜಾಲಾಡಿದ, ಬೆಂಗಳೂರಿಗೂ ಹೋಗಿಬಂದ. ಆ ಕಾಲದ ರೋಟರ್ ಎಲ್ಲೂ ಸಿಗಲಿಲ್ಲ. ಸಿಗದಿದ್ದರೆ ಹೋಗಲಿ, ಮಂಚಮ್ಮನಿಗೆ ಕೊಟ್ಟ ಮಾತಿತ್ತಲ್ಲ, ಬಿಂಡಿಗನವಿಲೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಹಿಗ್ಗು. ಲಾರಿಗೆ ಏನೂ ಆಗಿಲ್ಲವೆಂದರೆ ಆಕೆಯ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದ.

"ಅವ್ವಾ, ಒಳ್ಳೇ ಸುದ್ದಿ ತಂದಿದೀನಿ. ಇಂಜಿನ್ನಲ್ಲಿ ಏನೂ ಮುರಿದಿಲ್ಲ!"

ಮಂಚಮ್ಮ ಜಗಲಿಯ ಮೇಲೆ ಕೂತಳು.

"ಏನೂ ಮುರಿದಿಲ್ವಾ? ಅಂಗಾರೆ ನನ್ ಬಾಯೇ ಸೈ. ಏನೂ ಆಗ್ದಿರೋ ಲಾರೀನ ನನ್ ಬಾಯೇ ನಿಲ್ಲುಸ್ಬುಡ್ತು" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಶಹಾಬುದ್ದೀನ್ ಕಕ್ಕಾಬಿಕ್ಕಿಯಾದ. ಎಂಥ ಕೆಲಸ ಮಾಡಿದೆ! ಇದನ್ನು ಯಾಕೆ ಮೊದಲೇ ಯೋಚಿಸಲಿಲ್ಲ? ಏನಾದರೊಂದು ಮುರಿದಿತ್ತೆಂದು ಸುಳ್ಳು ಹೇಳಬಹುದಿತ್ತು. ಬಿಲ್ಲೆಯೊಂದು ಇಲ್ಲವೆಂದರೆ ಅದನ್ನೂ ತನ್ನ ಬಾಯಿಯೇ ಮಾಯ ಮಾಡಿತು ಎಂದಾಳು. ಅಳುವ ಹೆಂಗಸಿನ ಮುಂದೆ ನಿಲ್ಲಲಾರದೆ ಅತ್ತಿತ್ತ ನೋಡಿದ. ಎದುರಿಗೇ ಕೊಟ್ಟಿಗೆ. ಗೋಡೆಯ ಗೂಟಗಳಲ್ಲಿ ಮಾರಿಹೋದ ದನಗಳ ಕಣ್ಣಿಗಳು ಸಾಲಾಗಿ ನೇತಾಡುತ್ತಿದ್ದವು, ಎಲ್ಲಕ್ಕೂ ಅರಿಸಿನ ಕುಂಕುಮ. ಕೊನೆಯ ಗೂಟದ ಹಗ್ಗದ ತುದಿಯಲ್ಲಿ ಏನೋ ಕಪ್ಪಗೆ ತೂಗುತ್ತಿತ್ತು. ಹತ್ತಿರ ಹೋಗಿ ಕುಂಕುಮ ಒರೆಸಿದ. ಹಿತ್ತಾಳೆಯ ಪಟ್ಟಿ ಮಿಂಚಿತು. ಹೆಬ್ಬೆರಳುದ್ದದ ರೋಟರ್!

"ಅವ್ವಾ, ಇದೇನಿದು?"

"ಅದಾ? ಲಾರಿ ಕಣ್ಣಿ ಕಣಪ್ಪ" ಎಂದಳು ಮೂಗು ಒರೆಸಿಕೊಳ್ಳುತ್ತಾ. "ಲಾರಿ ನಿಂತ ದಿನಾನೇ ನಮ್ಮೆಜಮಾನ್ರು ಕಟ್ಟುದ್ರು. ಇನ್ನಿದು ರೋಡಿಗೆ ವೋಗಕಿಲ್ಲ ಕಣಮ್ಮಿ, ಇದ್ರ ಕಣ್ಣಿ ಇಲ್ಲಿರ್ಲಿ, ಮುಟ್ಬ್ಯಾಡ, ಅಂದ್ರು. ದೀವಳಿಗೇಲಿ ಎಲ್ಲ ಕಣ್ಣಿ ಜೊತೆ ಇದುಕ್ಕೂ ಪೂಜೆ ಮಾಡ್ತೀನಿ."

ಶಹಾಬುದ್ದೀನ್ ನಿಧಾನವಾಗಿ ಅವಳ ಪಕ್ಕ ಕೂತ. "ಅವ್ವಾ, ನಿಮ್ಮ ಬಾಯಿ ಏನೂ ಮಾಡಿಲ್ಲ. ಇದು ಇಂಜಿನ್ ಒಳಗಿರೋ ಸಾಮಾನು. ಇದಿಲ್ದೆ ಲಾರಿ ಓಡಲ್ಲ. ಬೋರಯ್ಯನೋರೇ ಕೈಯಾರ ತೆಗೆದಿಟ್ಟವ್ರೆ. ತೆಗೆದು, ಲಾರಿ ಹಾಳಾಗ್ದೇ ಇರ್ಲಿ ಅಂತ ಎಣ್ಣೆನೂ ಹೊಯ್ದವ್ರೆ."

"ಯಾಕೆ?" ಎಂದಳು ಮಂಚಮ್ಮ. ಆಯುಷ್ಯವೆಲ್ಲ ಯಾಕೆ ಎಂದು ಕೇಳಿದವನನ್ನು ಇನ್ನೊಬ್ಬರು ಕೇಳುತ್ತಿದ್ದರು.

"ನೆಂಟ್ರಂಗೆ ಬತ್ತೀರಿ ಅಂದಿದ್ರಲ್ಲ ಅವ್ವಾ ನೀವು. ಅದ್ಕೇ ಮನೇಲಿ ನಿಂತ್ಕಂಡ್ರು. ಹೆಂಡ್ತಿ ಮಾತಿಗೆ ಲಾರಿ ಬುಟ್ಟ ಅಂತ ನಾಲ್ಕು ಜನ ನಗ್ತಾರಲ್ಲ, ಅದಕ್ಕೆ ಇಂಜಿನ್ ಮ್ಯಾಲೆ ಹಾಕುದ್ರು."

ಮಂಚಮ್ಮ ಎದ್ದು ಹೋಗಿ ಗೂಟದಿಂದ ಕಣ್ಣಿ ಬಿಚ್ಚಿ ಕೈಗೆ ತೆಗೆದುಕೊಂಡಳು. ಆಕೆಯ ಮುಖದಲ್ಲಿ ಅಳು ಬಂತು, ನಗು ಬಂತು, ಎರಡೂ ಹೋಗಿ ಇನ್ನೇನೋ ಬಂತು. ಅದು ಏನೆಂದು ಶಹಾಬುದ್ದೀನ್‌ಗೆ ಆಗ ತಿಳಿಯಲಿಲ್ಲ. ಕಡೆಗೆ, "ಅಳತೆ ನೋಡ್ಕಳಾಕೆ ತಗಂಡೋಗಿ. ಆದ್ರೆ ವಾಪಸ್ಸು ತಂದ್ಕೊಡ್ಬೇಕು. ಕಣ್ಣಿ ಕೊಡಕಿಲ್ಲ ನಾನು" ಎಂದಳು.

ಮನೆಗೆ ಬಂದು ಎಲ್ಲ ಹೇಳಿದಾಗ ಖೈರುನ್ನೀಸಾ ಮೊದಲು ಕಣ್ಣೊರೆಸಿಕೊಂಡಳು. ಆಮೇಲೆ, "ನಿಮ್ಮ ಶೆಡ್ಡಿಗೂ ಅಂಥದ್ದೊಂದು ರೋಟರ್ ಇದ್ರೆ ತೆಗೆದು ನನ್ನ ಕೈಗೆ ಕೊಡಿ ಜೀ" ಎಂದಳು. ಮಾರನೆಯ ದಿನ ಮಿಕ್ಸಿ ಬಂತು.

ಶ್ರೀರಂಗಪಟ್ಟಣದ ಲೇತಿನ ಅಂಗಡಿಯಲ್ಲಿ ಗಟ್ಟಿ ಫೈಬರಿನ ತುಂಡಿನಿಂದ ಅಂಥದ್ದೇ ಬಿಲ್ಲೆ ಕಡೆಸಿ, ಹಿತ್ತಾಳೆ ಪಟ್ಟಿ ಕೂರಿಸಿದ. ಮೂರು ಸಲ ಮಾಡಿಸಿದ್ದು ಕೆಟ್ಟಿತು, ಮುಂದಿನದು ಕೂತಿತು. ಫಾರ್ಗೋ ಕೆಮ್ಮಿ, ಸೀನಿ, ಶೆಡ್ಡಿನ ತುಂಬ ಹೊಗೆ ಉಗುಳಿ, ಗುಡುಗುಡು ಎಂದಿತು. ಹಸಿರು ಬಣ್ಣ ಬಳಿದು, ಹೊಸ ಟೈರು ಹಾಕಿ, ಶಹಾಬುದ್ದೀನ್ ಒಂದು ಬೆಳಿಗ್ಗೆ ಹಳೆಯ ರೋಟರನ್ನು ಜೇಬಿನಲ್ಲಿಟ್ಟುಕೊಂಡು ಬಿಂಡಿಗನವಿಲೆಗೆ ಹೊರಟ.

ಲಾರಿಯ ಸದ್ದು ಊರಾಚೆ ಇರುವಾಗಲೇ ಮಂಚಮ್ಮ ಬೀದಿಗೆ ಬಂದು ನಿಂತಿದ್ದಳು. ಕಣ್ಣಿ ಈಸಿಕೊಂಡು ಸೆರಗಿಗೆ ಗಂಟು ಹಾಕಿದಳು. ಬಾನೆಟ್ಟು ಮುಟ್ಟಿದಳು. ದೇವರಾಜು ಕೈ ಕೊಟ್ಟ, ಕ್ಯಾಬಿನ್ನು ಹತ್ತಿ ಕೂತಳು.

"ನಡೀರಿ, ನಾಗಮಂಗಲ ಗಂಟ. ಅವ್ರು ಒಂದಿನಾನೂ ಇದ್ರಲ್ಲಿ ನನ್ನ ಕುಂಡ್ರುಸ್ಕಂಡ್ ವೋಗ್ನಿಲ್ಲ."

ಲಾರಿ ಹೊರಟಿತು. ಊರು ದಾಟಿತು. ಹೊಲಗಳ ಸಾಲು ಬಂದಾಗ, ಗಾಜಿನಾಚೆ ರಸ್ತೆಯನ್ನೇ ದಿಟ್ಟಿಸುತ್ತಾ ಮಂಚಮ್ಮ ಬಾಯಿ ಬಿಟ್ಟಳು.

"ಲೇ ಬೋರಯ್ಯ! ಮೂಳ! ಒಂದ್ ಮಾತು ಯೋಳಕೇನಾಗಿತ್ಲಾ ನಿಂಗೆ? ನಿನ್ ಸಲುವಾಗಿ ನಿಂತ್ಕಂಡೆ ಅಂದಿದ್ರೆ ನಿನ್ ಗಂಟ್ ವೋಗದಾ? ನನ್ ಬಾಯ್ ಕಟ್ಟಾಕಿ, ನೀನು ಬೀಡಿ ಸೇದ್ಕಂಡು ಅಟ್ಟೀಲಿ ಆರಾಮಾಗಿ ಕುಂತಿದ್ಯಲ್ಲಾ, ಬೈಸ್ಕಳ್ದೇ ಬದುಕ್ಬುಟ್ಯಲ್ಲಾ..."

ಹಿಂದಿನ ತೊಟ್ಟಿಯಲ್ಲಿ ಕೂತಿದ್ದ ದೇವರಾಜು ಗಾಬರಿಯಾಗಿ ಕ್ಯಾಬಿನ್ನಿನ ಕಿಂಡಿಗೆ ಮುಖವಿಟ್ಟ. ಇಪ್ಪತ್ತೆರಡು ದಾಟಿದ ಮಗ ತಾಯಿ ಬೈಯುವುದನ್ನು ಅವತ್ತೇ ಮೊದಲು ಕೇಳಿದ್ದು. "ಸಾಬ್ರೆ, ನಮ್ಮವ್ವಂಗೇನಾಯ್ತು?" ಎಂದು ಕೂಗಿದ.

"ಏನೂ ಆಗಿಲ್ಲ, ಕುಂತ್ಕಳಪ್ಪ" ಎಂದ ಶಹಾಬುದ್ದೀನ್.

ಮಂಚಮ್ಮ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಳುತ್ತಿದ್ದಳು, ಬೈಯುತ್ತಿದ್ದಳು, ಮಧ್ಯೆ ಮಧ್ಯೆ ಸೆರಗಿನ ಗಂಟನ್ನು ಹಿಡಿದು ನೋಡಿಕೊಳ್ಳುತ್ತಿದ್ದಳು. ಆಡದೆ ಉಳಿಸಿಕೊಂಡ ಮಾತು ಬೇಕಾದಷ್ಟಿತ್ತು, ನಾಗಮಂಗಲ ಅಷ್ಟೇನೂ ದೂರವಿರಲಿಲ್ಲ. ಶಹಾಬುದ್ದೀನ್ ಗೇರು ಇಳಿಸಿ, ಎಡಕ್ಕೆ ಸರಿದು, ಹಿಂದಿನಿಂದ ಹಾರನ್ ಹೊಡೆಯುತ್ತಿದ್ದ ಬಸ್ಸಿಗೆ ದಾರಿ ಬಿಟ್ಟು ನಿಧಾನವಾಗಿ ಓಡಿಸಿದ.